ಬೀಡಿ ಬ್ರಾಂಚಿನ ಸಾಲಿನಲ್ಲಿ

ಇಲ್ಲಿ ಬಾ ಫೆಲ್ಸಿ ಬಾಯಿ, ನನ್ನ ಹಿಂದೆ ನಿಲ್ಲು,
ಶೀಟಿನ ನೆರಳು ಇಲ್ಲಿಯವರೆಗೆ ಮಾತ್ರ ಉಂಟು.
ನಿನ್ನ ಮೆಲ್ರೋಯ್ ಮೊನ್ನೆ ರಾತ್ರಿ ಮಿಲಿಟರಿಗೆ ಹೊರಟನಂತೆ.
ರಿಕ್ಷಾದ ಐತಪ್ಪಣ್ಣ ಹೇಳಿದರು, ನೀನು ಹೇಳಲಿಲ್ಲ.
ಇರಲಿ. ನಾನೂ ಆಗ ಯಾರಿಗೂ ಹೇಳಿರಲಿಲ್ಲ.

ರೈಲಿನ ಕಿಟಕಿಯ ಸರಳಿನೊಳಗೆ ಕೈ ಹಾಕಿ
ಕೊನೆಗೆ ಎಂತ ಕೊಟ್ಟೆ ನೀನು?
ನಾನು ಕೊಟ್ಟದ್ದು ಮಾವಿನಮಿಡಿಯ ಉಪ್ಪಿನಕಾಯಿ.
ದಾರಿಯಲ್ಲಿ ಕುಪ್ಪಿ ಒಡೆದು
ಸರ್ಟಿಫಿಕೇಟುಗಳಿಗೆಲ್ಲ ಕೆಂಪು ಬಣ್ಣ.
ಅಲ್ಲಿಯ ಸುಬೇದಾರ ಒಂದು ಹಾಳೆ ಮೂಗಿಗೆ ಹಿಡಿದು
ಜೋರು ನಕ್ಕನಂತೆ.
ನೋಡು, ಅಲ್ಲಿ ನಗುವವನೊಬ್ಬ ಇದ್ದಾನೆ
ಅಂತ ಗೊತ್ತಾದ ಮೇಲೆ ನನಗೆ ನಿದ್ದೆ ಬಂತು.

ಮೊದಲು ಫೋನು ತೆಗೆದಿಡುತ್ತಾರೆ.
ಕೊಟ್ಟರೆ ಭಾನುವಾರ, ಐದು ನಿಮಿಷ,
ಅದರಲ್ಲಿ ಎರಡು ನಿಮಿಷ ‘ಹಲೋ, ಕೇಳ್ತದಾ, ಕೇಳ್ತದಾ’.
ನೀನು ಇಗರ್ಜಿಯಲ್ಲಿ ಇರುವ ಹೊತ್ತಲ್ಲವಾ ಅದು,
ಮೊಣಕಾಲೂರಿದರೂ ಫೋನು ಕೈಯಲ್ಲೇ ಇರಲಿ,
ದೇವರು ಎಂತ ಬೈಯುವುದಿಲ್ಲ.
ಅಳಬೇಡ ಅಂತ ನಾನು ಹೇಳುವವಳಲ್ಲ.
ಅತ್ತರೆ ನಿಮಿಷ ಹೋಗುತ್ತದೆ, ಅಷ್ಟೇ.

ಒಂದು ಸಲ ಸುಕೇಶ ಕೇಳಿದ,
‘ಅಮ್ಮ, ಆಧಾರಿನಲ್ಲಿ ನಿನ್ನ ಹೆಸರು ಜಲಜ ಅಂತಲಾ, ಜಲಜಾಕ್ಷಿ ಅಂತಲಾ?’
ಜಲಜಾಕ್ಷಿ, ಅಂದೆ. ಒಂದೊಂದೇ ಅಕ್ಷರ ಬರೆದುಕೊಂಡ.
ಫೋನಿಟ್ಟ ಮೇಲೆ, ತೆಂಡು ಎಲೆ ಕತ್ತರಿಸುತ್ತ ಕೂತಾಗ
ಅದು ಯಾವ ಫಾರಮಿನ ಯಾವ ಗೆರೆ ಅಂತ ಹೊಳೆಯಿತು.
ಆ ದಿನ ಬೆರಳಿಗೆ ಕತ್ತರಿ ತಾಗಿದ್ದು. ಇದು, ನೋಡು.
ನಿನ್ನನ್ನೂ ಕೇಳುತ್ತಾನೆ.
ಸ್ಪೆಲ್ಲಿಂಗ್ ಸರಿ ಹೇಳು. ಯಾಕೆ ಅಂತ ಕೇಳಬೇಡ.

ಯುವಕ ಮಂಡಲದವರು ಬರುತ್ತಾರೆ, ಶಾಲು ಹೊದಿಸುತ್ತಾರೆ,
ವೀರಮಾತೆ ಅಂತ ಮೈಕಿನಲ್ಲಿ ಕೂಗುತ್ತಾರೆ.
ಹೊದ್ದುಕೋ, ಪಾಪ ಅವರದೂ ಪ್ರೀತಿಯೇ.
ಜರಿ ಮಾತ್ರ ಕುತ್ತಿಗೆಗೆ ಚುಚ್ಚುತ್ತದೆ.
ನನ್ನದರಲ್ಲಿ ಈಗ ಮಿಕ್ಸಿ ಮುಚ್ಚಿಟ್ಟಿದ್ದೇನೆ.

ಮೊಬೈಲಿನಲ್ಲಿ ಎರಡು ಊರಿನ ಹವೆ ಹಾಕಿಕೊಟ್ಟಿದ್ದಾಳೆ ಮಗಳು.
ಮಂಗಳೂರು ಮೂವತ್ತಮೂರು, ಬೆವರು ಧಾರೆ.
ಅವನಿರುವಲ್ಲಿ ಸೊನ್ನೆಗಿಂತ ಹದಿನಾಲ್ಕು ಕೆಳಗೆ.
ಸೊನ್ನೆಯ ಕೆಳಗೂ ಊರು ಉಂಟಾ ಮಾರಾಯ್ತಿ?
ಫ್ಯಾನಿನಡಿ ಮಲಗಿ ನಾನು ಅವನ ಚಳಿ ನೋಡುತ್ತೇನೆ.

ಬಂಗುಡೆ ಬಿಡಬೇಡ. ನಾನು ನಾಲ್ಕು ತಿಂಗಳು ಬಿಟ್ಟೆ,
ಅವನಿಗೆ ಸಿಗದ್ದು ನನಗೆ ಯಾಕೆ ಅಂತ.
ಮೀನಿನ ರಾಧಕ್ಕ ಬುಟ್ಟಿ ಇಳಿಸಿ ಬೈದಳು:
‘ನೀನು ತಿನ್ನದ ಮೀನು ಹಾರಿ ಅವನ ಬಟ್ಟಲಿಗೆ ಹೋಗ್ತದಾ?’

ಮತ್ತೆ, ನಿನ್ನ ಪೊರ್ಬುಗಳನ್ನು ಸ್ವಲ್ಪ ನೋಡಿಕೋ.
ಗಂಡಸರು ಬಚ್ಚಲಿನಲ್ಲಿ ನಳ್ಳಿ ತಿರುಗಿಸಿಟ್ಟು ಅಳುತ್ತಾರೆ,
ನೀರಿನ ಬಿಲ್ಲಿನಲ್ಲಿ ಗೊತ್ತಾಗುತ್ತದೆ.
ನಮ್ಮವರು ಈಗಲೂ ಕೆಲವು ರಾತ್ರಿ ಜಂಕ್ಷನ್ನಿಗೆ ಹೋಗಿ
ಉತ್ತರಕ್ಕೆ ಹೋಗುವ ರೈಲಿನ ಕೆಂಪು ದೀಪ ಮರೆಯಾಗುವವರೆಗೆ ನಿಂತು
ಚಹಾ ಕುಡಿಯಲು ಹೋಗಿದ್ದೆ ಅನ್ನುತ್ತಾರೆ.

ಕೊಡು ನೋಡುವ ನಿನ್ನ ಕಟ್ಟು.
ಸಡಿಲ ಉಂಟಲ್ಲ ಎಲ್ಲ, ನೂಲೂ ಸರಿ ಬಿಗಿದಿಲ್ಲ.
ಕೈ ಇಲ್ಲಿ, ನೀನು ಎಲ್ಲಿಯೋ.
ಚೆಕ್ಕರ್ ಎರಡು ಕಟ್ಟು ಆಚೆ ಬಿಸಾಡುತ್ತಾನೆ ಖಂಡಿತ.
ತಗೋ, ನನ್ನದರಿಂದ ಎರಡು.
ಸಾಲ ಅಲ್ಲ, ಬರೆದಿಡಬೇಡ.
ಆ ವರ್ಷ ಕುಡುಪಿನ ಮೈಮುನಾ ನನಗೆ ಹೀಗೆಯೇ ಕೊಟ್ಟಿದ್ದಳು.
ಮಿಲಿಟರಿಯಲ್ಲಿ ಅವಳಿಗೆ ಯಾರೂ ಇರಲಿಲ್ಲ,
ಗಂಡ ದಮಾಮಿನಲ್ಲಿ, ಒಂಬತ್ತು ವರ್ಷ.
ಕಾಯುವುದು ಗೊತ್ತಿತ್ತು.

ಭಾನುವಾರ ಅವನ ಫೋನು ಬಂದರೆ
ನನಗೊಂದು ಮಿಸ್ಡ್ ಕಾಲ್ ಕೊಡು.
ಬಾರದಿದ್ದರೂ ಕೊಡು.

ನನ್ನವನದಾ?
ಮೂರು ವಾರ ಆಯಿತು.
ನಡಿ, ಸಾಲು ಮುಂದೆ ಹೋಯಿತು.